ಕ್ಯಾಮೆರಾ ಸೂಪರ್, ಕಾಲ್ ಮಾತ್ರ ನಿಲ್ಲಲ್ಲ: ಹೊಸ ಫೋನಿನ ಸಿಗ್ನಲ್ ಕಥೆ

ಈಗಷ್ಟೇ ರಿಲೀಸ್ ಆಗಿರೋ ಫೋನ್ ಇದು. ಕಂಪನಿ ಹೆಸರು, ಮಾಡೆಲ್ ಹೆಸರು ಎರಡೂ ಹಾಕಲ್ಲ, ಕೇಳ್ಬೇಡಿ. ಆದ್ರೆ ಏನೇನ್ ಪ್ರಾಬ್ಲಮ್ ಬಂತು, ಅದನ್ನ ಹೆಂಗೆ ಚೆಕ್ ಮಾಡ್ದೆ ಅನ್ನೋದನ್ನ ಪೂರ್ತಿ ಹೇಳ್ತೀನಿ, ಯಾವ ಬ್ರ್ಯಾಂಡ್ ತಗೊಂಡೋರಿಗಾದ್ರೂ ಉಪಯೋಗಕ್ಕೆ ಬರುತ್ತೆ.

ಚೆನ್ನಾಗಿರೋದನ್ನ ಮೊದ್ಲು ಮುಗಿಸಿಬಿಡ್ತೀನಿ. ಡಿಸ್‌ಪ್ಲೇ ಬಿಸಿಲಲ್ಲೂ ಕ್ಲಿಯರ್ ಆಗಿ ಕಾಣುತ್ತೆ, ಕ್ಯಾಮೆರಾ ರಾತ್ರಿ ಹೊತ್ತು ಕೂಡ ಮುಖದ ಬಣ್ಣ ಕೆಡಿಸಲ್ಲ, ಚಾರ್ಜಿಂಗ್ ಸ್ಪೀಡು, ಕೈಯಲ್ಲಿ ಹಿಡಿಯೋಕೆ ತೆಳ್ಳಗೆ, ತೂಕಾನೂ ಇಲ್ಲ. ರಿವ್ಯೂ ವಿಡಿಯೋಗಳಲ್ಲಿ ಎಲ್ರೂ ಹೇಳೋದು ಇಷ್ಟೇ, ಅದು ಸುಳ್ಳೂ ಅಲ್ಲ. ಆದ್ರೆ ಆ ವಿಡಿಯೋ ಮಾಡೋರು ಯಾರೂ ಫೋನಲ್ಲಿ ಕಾಲ್ ಮಾಡಿ ಮಾತಾಡಿದ್ದನ್ನ ನಾನಂತೂ ನೋಡಿಲ್ಲ, ವೈಫೈ ಹಾಕ್ಕೊಂಡು ಬೆಂಚ್‌ಮಾರ್ಕ್ ಓಡಿಸ್ತಾರೆ, ಗೇಮ್ ಆಡ್ತಾರೆ, ಮುಗೀತು.

ಸಿಮ್ ಹಾಕಿ ಮೊದಲನೇ ಕಾಲಲ್ಲೇ ಆ ಕಡೆಯಿಂದ "ಹಲೋ, ಹಲೋ, ಏನೂ ಕೇಳಿಸ್ತಿಲ್ಲ, ಹೊರಗೆ ಬಂದು ಮಾತಾಡು" ಅಂತ ಶುರುವಾಯ್ತು. ಹಳೆ ಫೋನಲ್ಲಿ ಅದೇ ರೂಮು, ಅದೇ ಸಿಮ್, ಒಂದು ದಿನಾನೂ ಈ ತೊಂದ್ರೆ ಇರ್ಲಿಲ್ಲ. ತಮಾಷೆ ಏನಂದ್ರೆ ಮೇಲೆ ನೋಡಿದ್ರೆ ಸಿಗ್ನಲ್ ಕಡ್ಡಿ ಆರಾಮಾಗಿ ಮೂರು ತೋರಿಸ್ತಿದೆ, ಆದ್ರೆ ಮಾತು ತುಂಡು ತುಂಡು, ಮೆಸೇಜ್ ಹೋಗೋಕೆ ಗಡಿಯಾರದ ಚಿಹ್ನೆ ಇಟ್ಕೊಂಡು ಕೂತಿರುತ್ತೆ.

ಈ ಕಡ್ಡಿಗಳನ್ನ ನಂಬೋದು ಬಿಡಿ ಮೊದ್ಲು. ಎಷ್ಟು ಸಿಗ್ನಲ್ ಇದ್ರೆ ಎಷ್ಟು ಕಡ್ಡಿ ತೋರಿಸ್ಬೇಕು ಅಂತ ಎಲ್ಲ ಫೋನಿಗೂ ಅನ್ವಯ ಆಗೋ ಒಂದೇ ಲೆಕ್ಕ ಇಲ್ಲ, ಒಂದೊಂದು ಕಂಪನಿದು ಒಂದೊಂದು ಥರ. 2010ರಲ್ಲಿ ಐಫೋನ್ 4 ಬಂದಾಗ ಆಗಿದ್ದು ನೆನಪಿರಬಹುದು, ಸುತ್ತ ಇದ್ದ ಸ್ಟೀಲ್ ಪಟ್ಟಿನೇ ಆಂಟೆನಾ, ಎಡಗಡೆ ಕೆಳಗೆ ಒಂದು ಸಣ್ಣ ಗ್ಯಾಪ್, ಅಲ್ಲಿ ಕೈ ತಾಗಿದ್ರೆ ಸಿಗ್ನಲ್ ದಬಕ್ ಅಂತ ಬೀಳ್ತಿತ್ತು. ಆಗ ಆಪಲ್‌ನವರು ನಮ್ಮ ಫಾರ್ಮುಲಾನೇ ತಪ್ಪಿತ್ತು, ಇರಬೇಕಾದ್ದಕ್ಕಿಂತ ಜಾಸ್ತಿ ಕಡ್ಡಿ ತೋರಿಸ್ತಿದ್ವಿ ಅಂತ ಒಪ್ಕೊಂಡ್ರು, ಅಪ್‌ಡೇಟಲ್ಲಿ ಕಡ್ಡಿ ಲೆಕ್ಕ ಸರಿ ಮಾಡಿದ್ರು, ಕೊನೆಗೆ ಎಲ್ರಿಗೂ ಫ್ರೀ ಕೇಸ್ ಕೊಟ್ರು. ಕೇಸ್ ಹಾಕಿದ್ರೆ ಬೆರಳು ನೇರವಾಗಿ ಲೋಹಕ್ಕೆ ತಾಗಲ್ಲ, ಅದಕ್ಕೆ ಆ ಫೋನಲ್ಲಿ ಕೆಲಸ ಮಾಡ್ತು. ಅಪ್‌ಡೇಟ್ ಅಂತೂ ಕಡ್ಡಿನ ಸರಿ ಮಾಡ್ತೇ ಹೊರತು ಆಂಟೆನಾನ ಅಲ್ಲ, ಇದನ್ನ ನೆನಪಿಟ್ಕೊಳ್ಳಿ.

ನೋಡ್ಬೇಕಾಗಿರೋದು ಡಿಬಿಎಮ್ ನಂಬರು, ಅಂದ್ರೆ ಫೋನಿಗೆ ನಿಜವಾಗ್ಲೂ ಎಷ್ಟು ಸಿಗ್ನಲ್ ಸಿಗ್ತಿದೆ ಅನ್ನೋ ಅಳತೆ. ಆಂಡ್ರಾಯ್ಡಲ್ಲಿ ಸಾಮಾನ್ಯವಾಗಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಅಲ್ಲಿ ಸಿಮ್ ಸ್ಟೇಟಸ್ ಒಳಗೆ ಸಿಗ್ನಲ್ ಸ್ಟ್ರೆಂತ್ ಅಂತ ಇರುತ್ತೆ. ಐಫೋನಲ್ಲಿ *3001#12345#* ಡಯಲ್ ಮಾಡಿದ್ರೆ ಫೀಲ್ಡ್ ಟೆಸ್ಟ್ ಓಪನ್ ಆಗುತ್ತೆ. ನಂಬರ್ ಮೈನಸ್ಸಲ್ಲಿ ಇರುತ್ತೆ, ಸೊನ್ನೆಗೆ ಹತ್ರ ಬಂದಷ್ಟೂ ಒಳ್ಳೇದು. 4ಜಿಲಿ ಹೆಚ್ಚುಕಮ್ಮಿ ಮೈನಸ್ 80, 90 ಅಂದ್ರೆ ಚಿಂತೆ ಇಲ್ಲ, ಮೈನಸ್ 100 ದಾಟಿದ್ರೆ ಪರ್ವಾಗಿಲ್ಲ ಅನ್ನೋ ಮಟ್ಟ, ಮೈನಸ್ 115, 120 ಹತ್ರ ಹೋದ್ರೆ ದೇವರೇ ಗತಿ. ಇನ್ನೊಂದು ವಿಷ್ಯ, ಈ ನಂಬರಲ್ಲಿ 3 ಡಿಬಿ ಕಮ್ಮಿ ಆದ್ರೆ ಸಿಗ್ನಲ್ ಅರ್ಧ ಆಯ್ತು ಅಂತ, 10 ಕಮ್ಮಿ ಆದ್ರೆ ಹತ್ತರಲ್ಲಿ ಒಂದು ಪಾಲು. ಅಂದ್ರೆ 96ಕ್ಕೂ 107ಕ್ಕೂ ಏನ್ ಮಹಾ ವ್ಯತ್ಯಾಸ ಅಂತ ಅನ್ಸುತ್ತೆ, ಆದ್ರೆ ಅದು ಹತ್ತು ಪಟ್ಟಿಗಿಂತ ಜಾಸ್ತಿ.

ನಾನ್ ಮಾಡಿದ್ದು ಇಷ್ಟು. ಎರಡೂ ಫೋನನ್ನ 4ಜಿಗೆ ಮಾತ್ರ ಲಾಕ್ ಮಾಡಿ, ಅದೇ ಸಿಮ್ಮನ್ನ ಒಂದಾದ್ಮೇಲೆ ಒಂದಕ್ಕೆ ಹಾಕಿ, ಅದೇ ಟೇಬಲ್ ಮೇಲೆ ಅದೇ ಜಾಗದಲ್ಲಿ ಇಟ್ಟು, ಕೈ ತೆಗೆದು, ನಂಬರ್ ಒಂದು ಕಡೆ ನಿಲ್ಲೋವರೆಗೂ ಕಾಯ್ದೆ. ಬ್ಯಾಂಡ್, ಅಂದ್ರೆ ಸಿಗ್ನಲ್ ಬರ್ತಿರೋ ಫ್ರೀಕ್ವೆನ್ಸಿ ಕೂಡ ಒಂದೇ ಇದ್ಯಾ ನೋಡ್ಕೊಳ್ಳಿ, ಫ್ರೀ ಆಪ್‌ಗಳಲ್ಲಿ ಗೊತ್ತಾಗುತ್ತೆ, ಯಾಕಂದ್ರೆ 700, 900 ಮೆಗಾಹರ್ಟ್ಸ್ ಥರದ ಕೆಳಗಿನ ಬ್ಯಾಂಡು ಗೋಡೆ ದಾಟಿ ಒಳಗೆ ಬರುತ್ತೆ, 3500 ಮೆಗಾಹರ್ಟ್ಸ್‌ನ 5ಜಿ ಗೋಡೆ ಹತ್ರನೇ ಸುಸ್ತಾಗುತ್ತೆ, ಒಂದು ಫೋನ್ ಅದರಲ್ಲಿ ಇನ್ನೊಂದು ಇದರಲ್ಲಿ ಇದ್ರೆ ಹೋಲಿಸಿ ಪ್ರಯೋಜನ ಇಲ್ಲ. ಹಳೆ ಫೋನು ಮೈನಸ್ 96 ಅಂತು. ಹೊಸದು ಮೈನಸ್ 107. ಇದು ಟೇಬಲ್ ಮೇಲೆ. ಕೈಗೆ ತಗೊಂಡು ಅಡ್ಡ ಹಿಡಿದ್ರೆ, ಅಂದ್ರೆ ವಿಡಿಯೋ ನೋಡೋ ಹಂಗೆ ಎರಡೂ ತುದಿಗೆ ಕೈ ಮುಚ್ಚಿ, ಹಳೇದು 100ಕ್ಕೆ ಹೋಗುತ್ತೆ, ಹೊಸದು ಸೀದಾ 118. ಅಲ್ಲಿಗೆ ಸ್ಕ್ರೀನ್ ಮೇಲೆ ಗೋಲ ಸುತ್ತೋಕೆ ಶುರು. ಬಲಗಡೆ ಕೆಳಗಿನ ಬೆರಳನ್ನ ಒಂಚೂರು ಮೇಲಕ್ಕೆ ಸರಿಸಿದ್ರೆ ವಿಡಿಯೋ ಮತ್ತೆ ಓಡುತ್ತೆ, ಮುಚ್ಚಿದ್ರೆ ನಿಲ್ಲುತ್ತೆ. ಕೊಳಲು ನುಡಿಸಿದಂಗೆ ಫೋನ್ ಹಿಡ್ಕೋಬೇಕು!

ಕೈ ತಾಗಿದ್ರೆ ಎಲ್ಲ ಫೋನಲ್ಲೂ ಸ್ವಲ್ಪ ಕಮ್ಮಿ ಆಗೇ ಆಗುತ್ತೆ, ಅದು ಸಹಜ, ನಮ್ಮ ಮೈಯಲ್ಲಿ ನೀರೇ ಜಾಸ್ತಿ, ರೇಡಿಯೋ ಅಲೆನ ಹೀರ್ಕೊಳ್ಳುತ್ತೆ. ಮೆಟಲ್ ಫ್ರೇಮ್ ಸುತ್ತ ಸಣ್ಣ ಸಣ್ಣ ಪ್ಲಾಸ್ಟಿಕ್ ಗೆರೆ ಇರುತ್ತಲ್ಲ, ಅದು ಶೋಕಿಗೆ ಇರೋದಲ್ಲ, ಫ್ರೇಮನ್ನ ತುಂಡು ತುಂಡಾಗಿ ಬೇರೆ ಮಾಡಿ ಒಂದೊಂದು ತುಂಡನ್ನ ಆಂಟೆನಾ ಮಾಡಿರ್ತಾರೆ. ಒಂದನ್ನ ಕೈ ಮುಚ್ಚಿದ್ರೆ ಇನ್ನೊಂದಕ್ಕೆ ಬದಲಾಯಿಸ್ಕೊಳ್ಳೋ ವ್ಯವಸ್ಥೆ ಈಗಿನ ಬಹಳಷ್ಟು ಫೋನಲ್ಲಿ ಇರುತ್ತೆ. ಇದರಲ್ಲಿ ಆ ಬದಲಾವಣೆ ಆಗ್ತಿರೋ ಹಾಗೇ ಕಾಣಲ್ಲ. ತೆಳ್ಳಗೆ ಮಾಡೋ ಹುಚ್ಚಲ್ಲಿ ಆಂಟೆನಾಗೆ ಜಾಗ ಕಡಿತ ಮಾಡಿರ್ಬೇಕು ಅಂತ ನನ್ನ ಅನುಮಾನ, ಬಿಚ್ಚಿ ನೋಡಿಲ್ಲ.

ಇದರ ಬಾಲ ಹಿಡ್ಕೊಂಡು ಬರೋದು ಬಿಸಿ ಮತ್ತೆ ಬ್ಯಾಟರಿ. ಸಿಗ್ನಲ್ ವೀಕ್ ಇದ್ದಾಗ ಟವರಿಗೆ ಕೇಳಿಸ್ಲಿ ಅಂತ ಫೋನು ಜೋರಾಗಿ ಕೂಗ್ಬೇಕಾಗುತ್ತೆ, ಅಂದ್ರೆ ಟ್ರಾನ್ಸ್‌ಮಿಟ್ ಪವರ್ ಏರಿಸುತ್ತೆ, ಬಿಸಿ ಆಗುತ್ತೆ, ಚಾರ್ಜ್ ಕುಡಿಯುತ್ತೆ. ಹೊಸ ಫೋನ್ ಬ್ಯಾಟರಿ ನಿಲ್ತಿಲ್ಲ ಅಂತ ಬೈತಿರೋರು ಬಹಳ ಜನ ಇದಾರೆ, ಬ್ಯಾಟರಿ ಯೂಸೇಜಲ್ಲಿ ಮೊಬೈಲ್ ನೆಟ್‌ವರ್ಕ್ ಎಷ್ಟು ತಿಂದಿದೆ ಅಂತ ಒಂದ್ಸಲ ನೋಡಿ, ತಪ್ಪು ಬ್ಯಾಟರಿದಲ್ದೇ ಇರಬಹುದು.

ಹಾಗಂತ ಎಲ್ಲಾದಕ್ಕೂ ಹಾರ್ಡ್‌ವೇರ್ ಮೇಲೆ ಗೂಬೆ ಕೂರಿಸೋದೂ ಬೇಡ. ಕಾಲ್ ಕನೆಕ್ಟ್ ಆದ ತಕ್ಷಣ ಮೇಲಿರೋ 4ಜಿ ಹೋಗಿ 3ಜಿ ಅಥವಾ ಇ (ಅಂದ್ರೆ 2ಜಿ) ಅಂತ ಬಂದ್ರೆ ಸಾಮಾನ್ಯವಾಗಿ ಅಲ್ಲಿ ವೋಲ್ಟೆ, ಅಂದ್ರೆ 4ಜಿ ಮೇಲೇ ಕಾಲ್ ಹೋಗೋ ವ್ಯವಸ್ಥೆ, ಆನ್ ಆಗಿಲ್ಲ, ಹೊಸ ಮಾಡೆಲ್‌ಗಳಲ್ಲಿ ಇದು ಕೆಲವೊಮ್ಮೆ ಅಪ್‌ಡೇಟ್ ಬಂದ್ಮೇಲೆ ಸರಿ ಹೋಗುತ್ತೆ. "ನೋ ಸರ್ವಿಸ್" ಬೇರೆ, "ನೋ ಸಿಮ್" ಬೇರೆ. ಎರಡನೇದು ಬಂದ್ರೆ ಮೊದ್ಲು ಟ್ರೇ ನೋಡಿ, ಸಿಮ್ ಸರಿಯಾಗಿ ಕೂತಿಲ್ಲ ಅಂದ್ರೆ ಹಂಗಾಗುತ್ತೆ. ನನ್ನ ಪೀಸಲ್ಲಿ ಟ್ರೇ ಒಂಥರಾ ಲಟಲಟ ಅಂತಿತ್ತು, ಫೋನನ್ನ ಟೇಬಲ್ ಮೇಲೆ ಸ್ವಲ್ಪ ಜೋರಾಗಿ ಇಟ್ರೆ ಸಾಕು ಸಿಮ್ ಮಾಯ. *#06# ಹೊಡೆದಾಗ ಐಎಂಇಐ, ಅಂದ್ರೆ ಫೋನಿನ ಗುರುತಿನ ನಂಬರೇ ಬರ್ಲಿಲ್ಲ ಅಂದ್ರೆ ಮಾತ್ರ ನೆಟ್‌ವರ್ಕ್ ನೋಡ್ಕೊಳ್ಳೋ ಮೋಡೆಮ್ ಕಡೆನೇ ಏನೋ ಕೆಟ್ಟಿರೋ ಸಾಧ್ಯತೆ ಜಾಸ್ತಿ, ಮನೇಲಿ ಕೂತು ಏನೂ ಮಾಡೋಕಾಗಲ್ಲ. ನಂದರಲ್ಲಿ ಅದು ಬರ್ತಿತ್ತು. ಮೈಕ್ ಕೂಡ ಪರೀಕ್ಷೆ ಮಾಡ್ದೆ, ರೆಕಾರ್ಡರಲ್ಲಿ ಧ್ವನಿ ನೀಟಾಗಿತ್ತು, ಹಾಗಾಗಿ ಕಾಲಲ್ಲಿ ಕಡಿದು ಹೋಗ್ತಿದ್ದಿದ್ದು ನೆಟ್‌ವರ್ಕೇ.

ಇಷ್ಟೆಲ್ಲ ಸ್ಕ್ರೀನ್‌ಶಾಟ್ ಸಮೇತ ತಗೊಂಡು ಸರ್ವಿಸ್ ಸೆಂಟರಿಗೆ ಹೋದ್ರೆ ಅಲ್ಲಿದ್ದ ಹುಡುಗ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡಿ "ಈಗ ನೋಡಿ ಸರ್, ಫುಲ್ ಇದೆ" ಅಂದ. ಅವರ ಅಂಗಡಿ ಒಳಗೆ ಫುಲ್ ಇರದೆ ಇನ್ನೇನು. ಹಳೆ ಫೋನ್ ತೆಗೆದು ಪಕ್ಕದಲ್ಲಿಟ್ಟು ಎರಡರ ನಂಬರ್ ತೋರಿಸಿದ್ಮೇಲೆ "ಮುಂದಿನ ಅಪ್‌ಡೇಟಲ್ಲಿ ಬರುತ್ತೆ ಸರ್" ಅಂತ ಮೂಗಿಗೆ ತುಪ್ಪ ಸವರೋಕೆ ನೋಡ್ದ. ಯಾವ ಅಪ್‌ಡೇಟು, ಯಾವಾಗ ಅಂತ ಬರೆದು ಕೊಡಿ ಅಂದಾಗ ಒಳಗೆ ಹೋಗಿ ಯಾರನ್ನೋ ಕೇಳ್ಕೊಂಡು ಬಂದು ಪೀಸ್ ಬದಲಾಯಿಸೋಕೆ ಒಪ್ಪಿದ. ಹುಡುಗನ ಮೇಲೆ ನಂಗೇನೂ ಕೋಪ ಇಲ್ಲ, ಪಾಪ ಅವನು ಹೇಳಿಕೊಟ್ಟಿದ್ದನ್ನ ಹೇಳ್ತಾನೆ.

ಬದಲಿ ಪೀಸ್ ಬಂತು. ಟೇಬಲ್ ಮೇಲೆ ಮೈನಸ್ 98, ಹಳೆ ಫೋನಿಗೆ ಹತ್ತಿರತ್ತಿರ ಸಮ, ಟ್ರೇ ಕೂಡ ಗಟ್ಟಿ. ಅಂದ್ರೆ ಮೊದಲನೇದರಲ್ಲಿ ಒಳಗೇ ಏನೋ ಸರಿಯಾಗಿ ಕೂತಿರ್ಲಿಲ್ಲ. ಆದ್ರೆ ಅಡ್ಡ ಹಿಡಿದ್ರೆ ಇದೂ 115. ಎರಡು ಪೀಸಲ್ಲೂ ಅದೇ ಮೂಲೆ, ಅದೇ ಬೆರಳು. ಟೇಬಲ್ ಮೇಲಿಟ್ಟು ಸ್ಪೀಕರಲ್ಲಿ ಮಾತಾಡೋಕೆ ಇಷ್ಟು ದುಡ್ಡು ಕೊಡ್ಬೇಕಾ? ದಪ್ಪ ಸಿಲಿಕಾನ್ ಕೇಸ್ ಹಾಕಿ ನೋಡ್ದೆ, ಎರಡು ಮೂರು ಡಿಬಿ ಸುಧಾರಿಸ್ತು, ಅಷ್ಟೇ. ವಾಪಸ್ ಕೊಟ್ಟು ದುಡ್ಡು ತಗೊಂಡೆ.

ಟವರ್ ಹತ್ರ ಇರೋರಿಗೆ, ದಿನಪೂರ್ತಿ ವೈಫೈಯಲ್ಲೇ ಇರೋರಿಗೆ ಈ ಫೋನಲ್ಲಿ ಏನೂ ಗೊತ್ತಾಗಲ್ಲ, ಖುಷಿಯಾಗಿರ್ತಾರೆ, ತಗೊಳ್ಳಿ. ನೆಟ್‌ವರ್ಕ್ ಮೊದ್ಲೇ ಅಷ್ಟಕ್ಕಷ್ಟೇ ಇರೋ ಕಡೆ ಇರೋರು ಇದರ ಸಹವಾಸ ಬೇಡ. ನೀವೂ ವಾಪಸ್ ಕೊಡೋದಾದ್ರೆ ಒಂದ್ ಮಾತು, ಇಸಿಮ್ (ಫೋನ್ ಒಳಗೇ ಇರೋ ಡಿಜಿಟಲ್ ಸಿಮ್) ಹಾಕ್ಕೊಂಡಿದ್ರೆ ಫೋನ್ ರೀಸೆಟ್ ಮಾಡೋ ಮುಂಚೆನೇ ಅದನ್ನ ಹಳೆ ಫೋನಿಗೆ ವರ್ಗಾಯಿಸ್ಕೊಳ್ಳಿ, ಇಲ್ಲಾಂದ್ರೆ ಓಟಿಪಿ ಬರದೆ ಒದ್ದಾಡ್ಬೇಕಾಗುತ್ತೆ.