ಎಬಿಎಸ್ ಮಾಡ್ಯೂಲ್ ಕೋಡಿಂಗ್: ಹೊಸದು, ಸೆಕೆಂಡ್ ಹ್ಯಾಂಡ್ ಅಥವಾ ರಿಪೇರಿ?

ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮಾಡ್ಯೂಲ್ ಕೆಟ್ಟರೆ ದಾರಿ ಮೂರು: ಹೊಸದು, ಸೆಕೆಂಡ್ ಹ್ಯಾಂಡ್, ರಿಪೇರಿ. ಮಾಡ್ಯೂಲನ್ನು ನಿಮ್ಮ ಗಾಡಿಗೆ ಹೊಂದಿಸುವ ಸೆಟ್ಟಿಂಗ್ ಬರೆಯುವುದೇ ಕೋಡಿಂಗ್. ಮೂರರಲ್ಲಿ ಅದರ ತಲೆನೋವು ಅತಿ ಕಡಿಮೆ ಇರುವುದು ರಿಪೇರಿಯಲ್ಲಿ. ಮಾಡ್ಯೂಲ್ ಒಳಗಿನ ಸರ್ಕ್ಯೂಟ್ ಬೋರ್ಡ್ ನಿಮ್ಮದೇ ಆದ್ದರಿಂದ ಹಳೆಯ ಕೋಡಿಂಗ್ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಹಲವು ಮಾದರಿಗಳಲ್ಲಿ ಎಲೆಕ್ಟ್ರಾನಿಕ್ ಭಾಗವನ್ನಷ್ಟೇ ಬ್ರೇಕ್ ದ್ರವ ಹರಿಯುವ ಹೈಡ್ರಾಲಿಕ್ ಬ್ಲಾಕ್‌ನಿಂದ ಬಿಚ್ಚಬಹುದು. ಬ್ರೇಕ್ ಪೈಪ್ ಮುಟ್ಟಬೇಕಿಲ್ಲ, ಗಾಳಿಯೂ ಸೇರುವುದಿಲ್ಲ. ಆದರೆ ರಿಪೇರಿ ಮುಗಿಯುವವರೆಗೆ ಗಾಡಿ ನಿಂತಿರಬೇಕು.

ಹೊಸ ಮಾಡ್ಯೂಲ್ ಬಹುಪಾಲು ಖಾಲಿಯಾಗಿ ಬರುತ್ತದೆ. ಹಳೆಯದನ್ನು ತೆಗೆಯುವ ಮೊದಲೇ ಸ್ಕ್ಯಾನ್ ಟೂಲ್‌ನಲ್ಲಿ (ಗಾಡಿಯ ಕಂಪ್ಯೂಟರ್‌ಗಳನ್ನು ಓದುವ ಸಾಧನ) ಅದರ ಕೋಡಿಂಗ್ ಸಾಲನ್ನು ಉಳಿಸಿಕೊಳ್ಳಿ. ಹಳೆಯ ಮಾಡ್ಯೂಲ್ ಸತ್ತುಹೋಗಿದ್ದರೆ ಆ ಸಾಲನ್ನು ವಿಐಎನ್ (ಗಾಡಿಯ ಗುರುತು ಸಂಖ್ಯೆ) ಆಧಾರದಲ್ಲಿ ತಯಾರಕರ ಸರ್ವರ್‌ನಿಂದ ಪಡೆಯಬೇಕಾದೀತು. ಕೋಡಿಂಗ್ ಮಾಡುವಾಗ ಬ್ಯಾಟರಿಗೆ ಚಾರ್ಜರ್ ಇರಲಿ. ನಡುವೆ ವೋಲ್ಟೇಜ್ ಬಿದ್ದರೆ ಬರಹ ಅರ್ಧಕ್ಕೆ ನಿಲ್ಲಬಹುದು. ಆಮೇಲೆ ಸ್ಟೀರಿಂಗ್ ಆ್ಯಂಗಲ್ ಸೆನ್ಸರ್‌ನ ಶೂನ್ಯ ಹೊಂದಿಕೆ ಬೇಕಾಗಬಹುದು: ಸಮತಟ್ಟು ನೆಲ, ಚಕ್ರ ನೇರ. ಇದನ್ನು ಬಿಟ್ಟರೆ ಕೋಡಿಂಗ್ ಸರಿಯಿದ್ದರೂ ಇಎಸ್‌ಪಿ (ಗಾಡಿ ಜಾರದಂತೆ ಹಿಡಿತ ಕಾಯುವ ವ್ಯವಸ್ಥೆ) ದೀಪ ಆರದಿರಬಹುದು.

ಸೆಕೆಂಡ್ ಹ್ಯಾಂಡ್ ಅಗ್ಗ, ಜೂಜೂ ಹೌದು. ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಬೇಕು. ಕೆಲವು ಮಾಡ್ಯೂಲ್‌ಗಳು ಹಳೆಯ ಗಾಡಿಯ ವಿಐಎನ್‌ಗೆ ಬೀಗ ಹಾಕಿಕೊಂಡಿರುತ್ತವೆ, ಮರುಕೋಡಿಂಗ್ ಒಪ್ಪುವುದೇ ಇಲ್ಲ. ಬ್ಲಾಕ್ ಸಮೇತ ಬದಲಿಸಿದರೆ ಟೂಲ್‌ನಿಂದಲೇ ಪಂಪ್ ಓಡಿಸಿ ಗಾಳಿ ತೆಗೆಯಬೇಕಾಗಬಹುದು. ಪೆಡಲ್ ಒತ್ತಿದ ಮಾತ್ರಕ್ಕೆ ಒಳಗಿನ ಗಾಳಿ ಹೊರಬರುವುದಿಲ್ಲ.

ಟೂಲ್ ವಿಷಯ ಚಿಕ್ಕದು: ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ ಬ್ಲೂಟೂತ್ ಅಡಾಪ್ಟರ್ ಇಲ್ಲಿ ನಡೆಯದು. ಟೂಲ್ ನಿಮ್ಮ ಮಾದರಿಯ ಎಬಿಎಸ್‌ಗೆ ಕೋಡಿಂಗ್ ಬರೆಯಬಲ್ಲದೇ ಎಂದು ಖರೀದಿಗೆ ಮೊದಲೇ ಅದಕ್ಕೆ ಹೊಂದುವ ಗಾಡಿಗಳ ಪಟ್ಟಿಯಲ್ಲಿ ನೋಡಿ. ಮೂಲ ಬೋರ್ಡ್ ಸುಟ್ಟಿರದಿದ್ದರೆ ನಮ್ಮ ಮತ ರಿಪೇರಿಗೆ.