ಮಂಡಿಗೆ ಕಟ್ಟುವ ಜೆಲ್ ಪ್ಯಾಕ್: ತಣ್ಣಗಾಗಬೇಕಾದದ್ದು ಕೀಲು, ತೊಡೆಯಲ್ಲ

ಅಮ್ಮನ ಮಂಡಿ ಶಸ್ತ್ರಚಿಕಿತ್ಸೆಯಾದ ಮೇಲೆ, ವೆಲ್ಕ್ರೋ ಪಟ್ಟಿಯಿಂದ ಬಿಗಿಯುವ ಜೆಲ್ ಐಸ್ ಪ್ಯಾಕೊಂದನ್ನು ಫಿಸಿಯೋಥೆರಪಿಸ್ಟ್ ಸಲಹೆಯಂತೆ ಬಳಸುತ್ತಿದ್ದೇವೆ. ಇಂಥ ಪ್ಯಾಕುಗಳನ್ನು ಕೊಳ್ಳುವವರು ನೋವು ಎಷ್ಟು ತಗ್ಗೀತು ಎಂದಷ್ಟೇ ವಿಚಾರಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು, ಪ್ಯಾಕ್ ಬಿಚ್ಚಿದ ನಂತರ ತೊಡೆಯ ಸ್ನಾಯು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು.

ಮಂಡಿಯೊಳಗೆ ನೀರು ತುಂಬಿ ಊದಿಕೊಂಡಾಗ, ಕೀಲಿನ ನರಗಳಿಂದ ಬೆನ್ನುಹುರಿಗೆ ಹೋಗುವ ಸಂಕೇತಗಳು ಬದಲಾಗಿ, ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯುವಿಗೆ ಬರುವ ಆಜ್ಞೆಯೇ ಕುಗ್ಗಿಬಿಡುತ್ತದೆ. ಸ್ನಾಯುವಿಗೆ ಏನೂ ಗಾಯವಾಗದಿದ್ದರೂ ಅದು ಪೂರ್ತಿ ಬಿಗಿಯುವುದಿಲ್ಲ. ನ್ಯೂಜಿಲೆಂಡ್‌ನ ಡೇವಿಡ್ ರೈಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತರ ಮಂಡಿಗೆ ದ್ರವ ತುಂಬಿಸಿ ಈ ದುರ್ಬಲತೆಯನ್ನು ಉಂಟುಮಾಡಿ, ಬಳಿಕ 20 ನಿಮಿಷ ಐಸ್ ಇಟ್ಟಾಗ ಸ್ನಾಯುವಿನ ಬಲ ಗಮನಾರ್ಹವಾಗಿ ಚೇತರಿಸಿಕೊಂಡಿತ್ತು. ಟವೆಲನ್ನು ಸುರುಳಿ ಸುತ್ತಿ ಮಂಡಿಯಡಿ ಇಟ್ಟು ಒತ್ತುವಾಗ, ಅಮ್ಮ ಹಲ್ಲು ಕಚ್ಚಿ ಪ್ರಯತ್ನಿಸಿದರೂ ಮೊದಮೊದಲು ಮಂಡಿಚಿಪ್ಪು ಅಲುಗುತ್ತಿರಲಿಲ್ಲ. ಪ್ಯಾಕ್ ಕಟ್ಟಿ, ಬಿಚ್ಚಿದ ಕೂಡಲೇ ಅದೇ ವ್ಯಾಯಾಮ ಮಾಡಿಸಿದರೆ, ಚಿಪ್ಪು ತೊಡೆಯ ಕಡೆಗೆ ಸರಿಯುವುದು ಕಣ್ಣಿಗೇ ಕಾಣುತ್ತಿತ್ತು. ಆದ್ದರಿಂದ ವ್ಯಾಯಾಮ ಮುಗಿದ ಮೇಲೆ ಮಾತ್ರ ಐಸ್ ಇಡುವ ರೂಢಿಯವರು, ಅದಕ್ಕೆ ಮುಂಚೆ ಇಡುವುದರ ಬಗ್ಗೆ ತಮ್ಮ ಫಿಸಿಯೋಥೆರಪಿಸ್ಟರನ್ನು ಖಂಡಿತ ಕೇಳಬೇಕು.

ಪ್ಯಾಕಿನ ಅಳತೆ ಮುಖ್ಯವಾಗುವುದು ಇಲ್ಲಿಯೇ. ಸ್ನಾಯುವೇ ತಣ್ಣಗಾದರೆ ಅದರ ಸಂಕೋಚನ ನಿಧಾನವಾಗಿ ಶಕ್ತಿ ಇಳಿಯುತ್ತದೆ; ತೊಡೆಯ ಅರ್ಧಕ್ಕೆ ಬರುವ ದೊಡ್ಡ ಪ್ಯಾಕ್ ಹೆಚ್ಚು ಬೆಲೆಯದ್ದಾದರೂ ಈ ಉದ್ದೇಶಕ್ಕೆ ಒದಗುವುದಿಲ್ಲ. ನಮ್ಮದು ಮಂಡಿಚಿಪ್ಪಿನ ಸುತ್ತ ಮಾತ್ರ ಕೂರುತ್ತದೆ, ಫ್ರೀಜರಿನಿಂದ ತೆಗೆದಾಗಲೂ ಮೆದುವಾಗಿಯೇ ಇದ್ದು ಕೀಲಿನ ಆಕಾರಕ್ಕೆ ಬಾಗುತ್ತದೆ. ಇದು ಅದರ ದೊಡ್ಡ ಗುಣ.

ಕೊರತೆಗಳೂ ಇವೆ. ಕರಗುವ ಮಂಜುಗಡ್ಡೆ 0 ಡಿಗ್ರಿಯಲ್ಲೇ ನಿಂತು ಬಹಳಷ್ಟು ಶಾಖ ಹೀರುತ್ತದೆ. ಜೆಲ್ ಮಾತ್ರ ಮೊದಲು ಸುಮಾರು ಮೈನಸ್ 18 ಡಿಗ್ರಿಯ ಫ್ರೀಜರಿನ ಚಳಿಯನ್ನು ಚರ್ಮಕ್ಕೆ ತಾಗಿಸಿ, ಆಮೇಲೆ ಬೇಗ ಬೆಚ್ಚಗಾಗುತ್ತದೆ. ಹೀಗಾಗಿ ತೆಳು ಬಟ್ಟೆಯನ್ನು ನಡುವೆ ಇಡಲೇಬೇಕು. ಅದಕ್ಕಿಂತ ಗಂಭೀರವಾದದ್ದು ಕೆಳಗಿನ ಪಟ್ಟಿಯ ಜಾಗ. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಪಾದವನ್ನು ಮೇಲೆತ್ತಿಸುವ ನರ ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಾದುಹೋಗುತ್ತದೆ. ಅಲ್ಲಿ ಚಳಿಯೂ ಬಿಗಿತವೂ ಸೇರಿದರೆ ನರಕ್ಕೆ ಪೆಟ್ಟಾಗಬಹುದು. ಜೊತೆಗೆ ಬಂದ ಚೀಟಿಯಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ, ಇದು ಕ್ಷಮಿಸುವಂಥ ಲೋಪವಲ್ಲ. ನಾವು ಆ ಪಟ್ಟಿಯನ್ನು ಸಡಿಲವಾಗಿಯೇ ಕಟ್ಟುತ್ತೇವೆ.

ಶಸ್ತ್ರಚಿಕಿತ್ಸೆ ಅಥವಾ ಪೆಟ್ಟಿನಿಂದ ಮಂಡಿ ಊದಿಕೊಂಡು ವ್ಯಾಯಾಮ ಆರಂಭಿಸುವವರಿಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಮಧುಮೇಹದಿಂದ ಕಾಲಿನ ಸ್ಪರ್ಶಜ್ಞಾನ ಕುಗ್ಗಿರುವವರು ಮಾತ್ರ ವೈದ್ಯರನ್ನು ಕೇಳದೆ ಕೊಳ್ಳಬಾರದು.