ಶರತ್ಕಾಲದ ಚಿತ್ರಕ್ಕೆ ಅಲಿಜರಿನ್ ಕ್ರಿಮ್ಸನ್ ಹಚ್ಚೋ ಮುಂಚೆ ಟ್ಯೂಬ್ ಹಿಂದಿನ ನಂಬರ್ ನೋಡಿ

ಆಯಿಲ್ ಪೇಂಟಲ್ಲಿ ಎಲೆ ಉದುರೋ ಕಾಲದ ಚಿತ್ರ ಮಾಡೋರೆಲ್ಲಾ ದಯವಿಟ್ಟು ಓದಿ, ಅದ್ರಲ್ಲೂ ದುಡ್ಡು ತಗೊಂಡು ಮಾಡಿಕೊಡೋರು. ನಾನು ಸೇರಿದ್ದ ಲ್ಯಾಂಡ್‌ಸ್ಕೇಪ್ ಕ್ಲಾಸಿನ ಬಣ್ಣದ ಲಿಸ್ಟಲ್ಲಿ ತಣ್ಣನೆ ಕೆಂಪು, ಅಂದ್ರೆ ನೀಲಿ ಕಡೆ ವಾಲೋ ಕೆಂಪು ಅಂತ ಇದ್ದಿದ್ದು ಒಂದೇ, ಅಲಿಜರಿನ್ ಕ್ರಿಮ್ಸನ್. ಮೇಪಲ್ ಎಲೆಯ ಆಳವಾದ ಕೆಂಪು ಬೇರೆ ಯಾವುದ್ರಲ್ಲೂ ಬರಲ್ಲ, ತಲೆಮಾರುಗಟ್ಟಲೆ ಹಾಗೇ ಇರತ್ತೆ ಅಂತ ಕಲಿಸೋರು ಖಡಾಖಂಡಿತವಾಗಿ ಹೇಳಿದ್ರು, ಟ್ಯೂಬ್ ಮೇಲೂ ಆರ್ಟಿಸ್ಟ್ ಕ್ವಾಲಿಟಿ ಅಂತಾನೇ ಇತ್ತು.

ಅವ್ರು ಹೇಳಿಕೊಟ್ಟ ಹಾಗೇ ಮರಗಳಿಗೆ ಮೊದಲು ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಅದು ಒಣಗಿದ ಮೇಲೆ ಕ್ರಿಮ್ಸನ್ನಿನ ತೆಳ್ಳನೆ ಗ್ಲೇಜ್ (ಕೆಳಗಿನ ಬಣ್ಣ ಕಾಣೋ ಹಾಗೆ ಹಚ್ಚೋ ಪಾರದರ್ಶಕ ಪದರ), ದೂರದ ಬೆಟ್ಟಕ್ಕೆ ಅದೇ ಕ್ರಿಮ್ಸನ್ ಜೊತೆ ಅಲ್ಟ್ರಾಮರೀನ್ ಮತ್ತೆ ಬಿಳಿ ಸೇರಿಸಿ ನೇರಳೆ. ತುಂಬಾ ಚೆನ್ನಾಗಿ ಬಂದಿತ್ತು. ತಗೊಂಡವ್ರು ಬೆಳಕಿರೋ ರೂಮಲ್ಲಿ ಹಾಕಿದ್ರು, ನೇರ ಬಿಸಿಲೇನೂ ಬೀಳ್ತಿರ್ಲಿಲ್ಲ. ಕೆಲವು ವರ್ಷ ಆದ್ಮೇಲೆ ಅವ್ರು ಕಳಿಸಿದ ಫೋಟೋ ನೋಡಿ ನಂಗೆ ಮಾತೇ ಹೊರಡ್ಲಿಲ್ಲ. ಎಲೆಗಳ ಕೆಂಪೆಲ್ಲಾ ಹೋಗಿ ಕೆಳಗಿನ ಓಕರ್ ಮಾತ್ರ ಉಳಿದಿದೆ, ನೇರಳೆ ಬೆಟ್ಟ ಬರೀ ಬೂದು ನೀಲಿ, ಕ್ಯಾಡ್ಮಿಯಂ ಆರೆಂಜ್ ಹಚ್ಚಿದ್ದ ಜಾಗ ಮಾತ್ರ ಒಂಚೂರೂ ಮಾಸದೆ ತೇಪೆ ಹಾಕಿದ ಹಾಗೆ ಎದ್ದು ಕಾಣ್ತಿದೆ.

ಆಮೇಲೆ ಓದಿದಾಗ ಗೊತ್ತಾಯ್ತು, ಇದು ಹೊಸ ವಿಷಯವೇ ಅಲ್ಲ. ಅಲಿಜರಿನ್ ಅನ್ನೋದು ಮಂಜಿಷ್ಠದ ಜಾತಿಯ ಗಿಡದ ಬೇರಲ್ಲಿ ಸಿಗೋ ಬಣ್ಣ, 1868ರಲ್ಲಿ ಜರ್ಮನಿಯಲ್ಲಿ ಅದನ್ನ ಲ್ಯಾಬಲ್ಲೇ ತಯಾರಿಸಿದ್ರು. ಟ್ಯೂಬಲ್ಲಿ ಇದರ ಪಿಗ್ಮೆಂಟ್ ನಂಬರ್ ಪಿಆರ್ 83 (PR83). ಬಣ್ಣ ಬೆಳಕನ್ನ ಎಷ್ಟು ತಡಕೊಳತ್ತೆ ಅಂತ ಹೇಳೋ ಎಎಸ್‌ಟಿಎಂ ಲೈಟ್‌ಫಾಸ್ಟ್‌ನೆಸ್ ಲೆಕ್ಕದಲ್ಲಿ 1, 2 ಆದ್ರೆ ನಂಬಬಹುದು, ಇದು ಇರೋದು 3ರಲ್ಲಿ. ದಪ್ಪಗೆ ಹಚ್ಚಿದ್ರೆ ಒಂದಷ್ಟು ತಡಕೊಳತ್ತೆ, ಆದ್ರೆ ಬಿಳಿ ಬೆರೆಸಿದಾಗ ಮತ್ತೆ ತೆಳ್ಳಗೆ ಗ್ಲೇಜ್ ಎಳೆದಾಗ ಬೇಗ ಹಾರಿಹೋಗತ್ತೆ, ಶರತ್ಕಾಲದ ಚಿತ್ರದಲ್ಲಿ ನಾವು ಮಾಡೋದು ಸರಿಯಾಗಿ ಅವೆರಡನ್ನೇ! ವ್ಯಾನ್ ಗೋ ಬಳಸಿದ್ದ ಜೆರೇನಿಯಂ ಲೇಕ್ ಅನ್ನೋ ಇನ್ನೊಂದು ಕೆಂಪಿಗೂ ಹೀಗೇ ಆಗಿದೆ, 1890ರಲ್ಲಿ ಅವ್ರು ಬರೆದ ಗುಲಾಬಿ ಬಣ್ಣದ ಹೂಗಳು ಇವತ್ತು ಹೆಚ್ಚುಕಮ್ಮಿ ಬಿಳಿ.

ಕ್ಲಾಸಿನವ್ರಿಗೆ ಬರೆದ್ರೆ ಯುವಿ ವಾರ್ನಿಶ್ (ಬಿಸಿಲಿನ ನೇರಳಾತೀತ ಕಿರಣ ತಡೆಯೋ ಲೇಪ) ಹಾಕ್ಬೇಕಿತ್ತು ಅಂದ್ರು. ಇದನ್ನ ನಂಬ್ಬೇಡಿ, ಕಣ್ಣಿಗೆ ಕಾಣೋ ಬೆಳಕೇ ಸಾಕು ಇದನ್ನ ಮಾಸಿಸೋಕೆ, ವಾರ್ನಿಶ್ಶಿಂದ ಸ್ವಲ್ಪ ನಿಧಾನ ಆಗಬಹುದು ಅಷ್ಟೇ.

ಅದಕ್ಕೇ ಟ್ಯೂಬ್ ಮುಂದಿನ ಹೆಸರು ಬಿಡಿ, ಹಿಂದಿನ ನಂಬರ್ ಓದಿ. ಪಿಆರ್ 83 ಇದ್ರೆ ಹಾಗೇ ವಾಪಸ್ ಇಡಿ. ಪಿವಿ 19 (PV19) ಅಂತ ಇರೋ ಕ್ವಿನಾಕ್ರಿಡೋನ್ ಅನ್ನೋ ಬೇಗ ಮಾಸದ ಕೆಂಪು ತಗೊಂಡು ಒಂಚೂರು ಬರ್ನ್ಟ್ ಸಿಯೆನ್ನಾ ಸೇರಿಸಿ, ಆ ಆಳ ಬಂದೇ ಬರತ್ತೆ, ನಾನೀಗ ಅದನ್ನೇ ಹಚ್ಚೋದು. ನಂಬರೇ ಇಲ್ಲದ ಟ್ಯೂಬ್ ಆದ್ರೆ ಬಿಳಿ ಬೆರೆಸಿ ಒಂದು ಪಟ್ಟಿ ಬಳಿದು, ಅರ್ಧಕ್ಕೆ ಫಾಯಿಲ್ ಸುತ್ತಿ ಬಿಸಿಲು ಬೀಳೋ ಕಿಟಕಿಯಲ್ಲಿ ಕೆಲವು ತಿಂಗಳು ಇಟ್ಟು ಬಿಚ್ಚಿ ನೋಡಿ. ಈಗಾಗ್ಲೇ ಪಿಆರ್ 83 ಹಾಕಿ ಯಾರಿಗಾದ್ರೂ ಚಿತ್ರ ಕೊಟ್ಟಿದ್ರೆ ಇವತ್ತೇ ಅವ್ರಿಗೆ ತಿಳಿಸಿ, ಕಿಟಕಿಯಿಂದ ದೂರದ ಗೋಡೆಗೆ ಹಾಕ್ಲಿ.